ಬೆಳಕಿದ್ದಾಗಲೇ ಊರು ಸೇರಿ: ಸಣ್ಣ ಆರ್ಕೆಸ್ಟ್ರಾ ಕಟ್ಟಿಕೊಂಡು ಊರೂರು ತಿರುಗುವವರಿಗೆ

ನಮ್ಮದು ಎಂಟು ಜನರ ತಂಡ, ತುಮಕೂರಿನದು. ನಾನು ಕೀಬೋರ್ಡ್. ಉಳಿದಂತೆ ರಿದಂ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್), ಢೋಲಕ್-ತಬಲಾ, ಗಿಟಾರ್, ಇಬ್ಬರು ಗಾಯಕರು, ಒಬ್ಬರು ಗಾಯಕಿ, ಮತ್ತೆ ನಿರೂಪಣೆಯ ನಡುವೆ ಮಿಮಿಕ್ರಿ ಮಾಡಿ ಜನರನ್ನು ಹಿಡಿದಿಡುವ ಒಬ್ಬ. ಬ್ಯಾನರ್‌ನಲ್ಲಿ ನಮ್ಮ ಹೆಸರಿನ ಕೆಳಗೆ ‘ಅದ್ದೂರಿ ರಸಮಂಜರಿ’ ಅಂತ ಹಾಕಿರುತ್ತಾರೆ. ಅದ್ದೂರಿ ಎಷ್ಟು ಅನ್ನೋದನ್ನು ಟೆಂಪೋ ಟ್ರಾವೆಲರ್‌ನ ಹಿಂದಿನ ಸೀಟಿನಲ್ಲಿ ಢೋಲಕ್ ತೊಡೆ ಮೇಲಿಟ್ಟುಕೊಂಡು ಇನ್ನೂರು ಕಿಲೋಮೀಟರ್ ಕೂತವನನ್ನು ಕೇಳಬೇಕು.

ಹೊಸದಾಗಿ ತಂಡ ಕಟ್ಟುವ ಹುಡುಗರು ಯಾವ ಕೀಬೋರ್ಡ್ ತಗೊಳ್ಳಲಿ, ಯಾವ ಮೈಕ್ ಒಳ್ಳೆಯದು ಅಂತ ಕೇಳುತ್ತಾರೆ. ಅದನ್ನು ಅಂಗಡಿಯವರೂ ಹೇಳುತ್ತಾರೆ. ನಾನು ಹೇಳೋದು ಒಂದೇ. ಸಂಜೆ ನಾಲ್ಕಕ್ಕೆ, ಇನ್ನೂ ಬೆಳಕಿದ್ದಾಗ, ವೇದಿಕೆ ಹತ್ತಿರ ಇರಿ. ನಮಗೆ ಆದ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಕತ್ತಲಾದ ಮೇಲೆ ಊರು ಮುಟ್ಟಿದ ದಿನಗಳಲ್ಲೇ ಆಗಿವೆ. ಆ ನಾಲ್ಕು ಗಂಟೆಗೆ ಮುಂಚೆ ಏನು ಮಾಡಬೇಕು, ಆಮೇಲೆ ಏನು ಮಾಡಬೇಕು ಅನ್ನೋದನ್ನು ಸಾಲಾಗಿ ಹೇಳುತ್ತಾ ಹೋಗುತ್ತೇನೆ.

ಮೊದಲು ವರ್ಷದ ಲೆಕ್ಕ

ಗಣೇಶನ ಹಬ್ಬದಿಂದ ಕೆಲಸ ಶುರು. ನಡುವೆ ಪಿತೃಪಕ್ಷ ಖಾಲಿ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಅದರಲ್ಲೂ ಬೆಂಗಳೂರಿನ ಬಡಾವಣೆಗಳಲ್ಲಿ 1ನೇ ತಾರೀಖು ಮುಗಿದರೂ ರಾಜ್ಯೋತ್ಸವ ಮುಗಿಯುವುದಿಲ್ಲ. ಸಂಕ್ರಾಂತಿಯಿಂದ ಮುಂಗಾರು ಬರುವ ತನಕ ಜಾತ್ರೆಗಳು. ಆಷಾಢದಲ್ಲಿ ಫೋನೇ ಬರುವುದಿಲ್ಲ. ಆ ತಿಂಗಳು ಸುಮ್ನೆ ಕೂರಬೇಡಿ, ಹಳೇ ಕೇಬಲ್ ಬೆಸುಗೆ ಹಾಕಿಸಿ, ತಬಲಾಕ್ಕೆ ಹೊಸ ಚರ್ಮ ಕಟ್ಟಿಸಿ, ಹತ್ತು ಹೊಸ ಹಾಡು ಕೂಡಿಸಿಕೊಳ್ಳಿ. ಗಣೇಶನ ಹಬ್ಬದಲ್ಲಿ ಗಳಿಸಿದ್ದನ್ನು ಗಣೇಶನ ಹಬ್ಬದಲ್ಲೇ ಮುಗಿಸಿದವರು ಆಷಾಢಕ್ಕೆ ಕೀಬೋರ್ಡ್ ಅಡ ಇಟ್ಟಿದ್ದನ್ನು ನೋಡಿದ್ದೇನೆ.

ಫೋನಿನಲ್ಲೇ ಕೇಳಿಕೊಳ್ಳಬೇಕಾದದ್ದು

ಸಮಿತಿಯವರು ಫೋನ್ ಮಾಡಿದಾಗ ಎಲ್ಲರೂ ಮೊದಲು ರೇಟ್ ಮಾತಾಡುತ್ತಾರೆ. ಮೊದಲು ಊರು ಮಾತಾಡಿ. ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ, ಯಾವ ಹೋಬಳಿ, ಯಾವ ತಾಲ್ಲೂಕು? ಕರ್ನಾಟಕದಲ್ಲಿ ಹೊಸಹಳ್ಳಿ, ರಾಮಪುರ, ಬಸಾಪುರಗಳಿಗೆ ಲೆಕ್ಕವಿಲ್ಲ. ನಾವು ಒಮ್ಮೆ ಮ್ಯಾಪ್ ನಂಬಿಕೊಂಡು ಹೋಗಿ ಬೇರೆಯೇ ಊರಿನ ಅರಳಿಕಟ್ಟೆ ಮುಂದೆ ಇಳಿದೆವು. ಅಲ್ಲಿದ್ದ ಅಜ್ಜ ತಣ್ಣಗೆ, ‘ನಮ್ಮೂರ ಹಬ್ಬ ಹೋದ ತಿಂಗಳೇ ಆಯ್ತಲ್ಲಪ್ಪ’ ಅಂದರು. ನಾವು ಹೋಗಬೇಕಿದ್ದ ಊರು ಅಲ್ಲಿಂದ ಎಪ್ಪತ್ತು ಕಿಲೋಮೀಟರ್ ದೂರ ಇತ್ತು. ಈಗ ವೇದಿಕೆ ಕಟ್ಟುವ ಜಾಗದಲ್ಲೇ ನಿಂತು ಲೊಕೇಶನ್ ಕಳಿಸಿ ಅಂತ ಕೇಳುತ್ತೇವೆ.

ಆಮೇಲೆ ಇವಿಷ್ಟು. ಸೌಂಡ್ ಯಾರದು, ನಮ್ಮದೋ ಅವರದೋ? ವೇದಿಕೆ ಎಷ್ಟು ಅಗಲ? ಎಂಟು ಜನಕ್ಕೆ ಇಪ್ಪತ್ತು ಅಡಿಗಿಂತ ಕಡಿಮೆ ಆದರೆ ಗಿಟಾರ್‌ನ ಕುತ್ತಿಗೆ ಗಾಯಕನ ಕಿವಿಗೆ ಬಡಿಯುತ್ತದೆ. ಜನರೇಟರ್ ಇದೆಯಾ, ಇಲ್ಲಾ ಲೈನ್‌ನಿಂದ ಕರೆಂಟಾ? ನಮಗಿಂತ ಮುಂಚೆ ಶಾಲೆ ಮಕ್ಕಳ ಡ್ಯಾನ್ಸ್, ಬಹುಮಾನ ವಿತರಣೆ, ಗಣ್ಯರ ಭಾಷಣ ಏನೇನಿದೆ? ಕೊನೆಯದಾಗಿ, ದುಡ್ಡು ಕೈಗೆ ಕೊಡುವವರು ಯಾರು? ಬುಕ್ ಮಾಡಿದವರ ಹೆಸರಲ್ಲ, ಕೊಡುವವರ ಹೆಸರು ಮತ್ತು ನಂಬರ್. ಎರಡೂ ಒಬ್ಬರೇ ಆಗಿರೋದು ಅಪರೂಪ.

ಪರ್ಮಿಷನ್ ವಿಚಾರವನ್ನೂ ಈಗಲೇ ಕೇಳಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ‘ನಮ್ಮೂರಲ್ಲಿ ಯಾರೂ ಕೇಳಲ್ಲ ಸಾರ್’ ಅನ್ನುವ ಮಾತು ಪರ್ಮಿಷನ್ ಅಲ್ಲ. ಸ್ಟೇಷನ್‌ನಿಂದ ಪಡೆದ ಪತ್ರದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ ಅನ್ನಿ. ರಾತ್ರಿ ಬಂದು ಮೈಕ್ ಆಫ್ ಮಾಡಿಸುವ ಪೊಲೀಸರಿಗೆ ಸಿಗುವುದು ವೇದಿಕೆ ಮೇಲಿರುವ ನಾವು, ಸಮಿತಿಯವರು ಆ ಹೊತ್ತಿಗೆ ಊಟದ ಪೆಂಡಾಲ್‌ನಲ್ಲಿರುತ್ತಾರೆ. ಟಿಕೆಟ್ ಇಟ್ಟ ಕಾರ್ಯಕ್ರಮ, ಹೋಟೆಲ್, ಕಂಪನಿ ಪಾರ್ಟಿ ಆದರೆ ಸಿನಿಮಾ ಹಾಡು ಹಾಡುವುದಕ್ಕೆ ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ಮಾಡಿದವರ ಪರವಾಗಿ ರಾಯಲ್ಟಿ ವಸೂಲು ಮಾಡುವ ಸಂಸ್ಥೆ) ಲೈಸೆನ್ಸ್ ಮಾತೂ ಬರುತ್ತದೆ. ಅದು ನಡೆಸುವವರ ಜವಾಬ್ದಾರಿ ಅಂತ ಮೊದಲೇ ಬರೆಸಿಕೊಳ್ಳಿ.

ಅಡ್ವಾನ್ಸ್ ಅರ್ಧ. ಅದು ಬರುವ ತನಕ ಡೇಟ್ ಖಾಲಿ ಅಂತಲೇ ತಿಳಿಯಿರಿ.

ಗಾಡಿ

ಗಾಡಿ ಸ್ವಂತದ್ದಲ್ಲದಿದ್ದರೆ ಬಾಡಿಗೆಯ ಒಂದು ಸೂಕ್ಷ್ಮ ಗೊತ್ತಿರಲಿ. ಕಿಲೋಮೀಟರ್ ಲೆಕ್ಕದ ಗಾಡಿಗಳಿಗೆ ಸಾಮಾನ್ಯವಾಗಿ ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಕನಿಷ್ಠ ಮಿತಿ ಇರುತ್ತದೆ, 250 ಅಥವಾ 300. ಆ ‘ದಿನ’ ರಾತ್ರಿ 12ರಿಂದ ರಾತ್ರಿ 12. ನಮ್ಮ ಕೆಲಸವೋ ರಾತ್ರಿಯದು. ಮಧ್ಯಾಹ್ನ ಹೊರಟು ಬೆಳಗಿನ ಜಾವ ಮೂರಕ್ಕೆ ಮನೆಗೆ ಬಂದರೆ ನಿಮ್ಮ ಲೆಕ್ಕದಲ್ಲಿ ಒಂದು ಪ್ರೋಗ್ರಾಂ, ಗಾಡಿಯವರ ಲೆಕ್ಕದಲ್ಲಿ ಎರಡು ದಿನ, ಡ್ರೈವರ್ ಬಾಟಾನೂ ಎರಡು. ಮೊದಲ ವರ್ಷ ಇದು ಗೊತ್ತಾಗದೆ ನಾಲ್ಕು ಪ್ರೋಗ್ರಾಂನಲ್ಲಿ ನನ್ನ ಪಾಲು ಹೋಯಿತು. ಹೊರಡುವ ಮುಂಚೆಯೇ ‘ಒಂದು ಟ್ರಿಪ್‌ಗೆ ಇಷ್ಟು’ ಅಂತ ಮಾತಾಡಿಬಿಡಿ. ಟೋಲ್, ಪಾರ್ಕಿಂಗ್ ಯಾರದು ಅನ್ನೋದೂ ಆಗಲೇ. ಗಾಡಿ ಹಳದಿ ಬೋರ್ಡ್ ಇರಲಿ. ಗೋವಾ, ಮಹಾರಾಷ್ಟ್ರ, ಆಂಧ್ರದ ಕಡೆ ಹೋಗುವಾಗ ಆ ರಾಜ್ಯದ ಪರ್ಮಿಟ್ ಇದೆಯಾ ಅಂತ ಗಡಿಯಲ್ಲಿ ಕೇಳಿಕೊಳ್ಳುವ ಬದಲು ಮನೆಯಲ್ಲೇ ಕೇಳಿ.

ದಾರಿಯ ಸಮಯವನ್ನೂ ನೋಡಿ. ಗುಂಡ್ಲುಪೇಟೆ ಮೇಲೆ ಊಟಿಗೋ ವಯನಾಡಿಗೋ ಹೋಗುವ ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆ ಕಡೆ ಪ್ರೋಗ್ರಾಂ ಒಪ್ಪಿಕೊಂಡರೆ ರಾತ್ರಿ ಅಲ್ಲೇ ಉಳಿಯಲು ಜಾಗ ಕೊಡಿಸಿ ಅಂತ ಮೊದಲೇ ಹೇಳಬೇಕು. ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ, ಆಗುಂಬೆ ಯಾವುದೇ ಘಾಟಿ ಇಳಿಯುವುದಿದ್ದರೂ ಹೊರಡುವ ದಿನ ಬೆಳಿಗ್ಗೆ ಆ ಕಡೆಯ ಯಾರನ್ನಾದರೂ ಕೇಳಿ, ಗುಡ್ಡ ಕುಸಿದಿದೆಯಾ ಅಂತ.

ತುಂಬಿಕೊಳ್ಳುವುದು

ದೊಡ್ಡ ಸಾಮಾನು ಯಾರೂ ಮರೆಯುವುದಿಲ್ಲ. ಕೀಬೋರ್ಡ್ ಮರೆತು ಬಂದ ಕೀಬೋರ್ಡ್‌ನವನನ್ನು ನಾನಂತೂ ನೋಡಿಲ್ಲ. ಮರೆಯುವುದು ಅಡಾಪ್ಟರ್. ಅದಕ್ಕೆ ಅಡಾಪ್ಟರ್ ಅನ್ನು ಚೀಲದ ಜೇಬಿನಲ್ಲಿ ಇಡಬೇಡಿ, ಕೀಬೋರ್ಡಿನ ಹಿಡಿಗೋ ಸ್ಟ್ಯಾಂಡಿಗೋ ಕಟ್ಟಿಬಿಡಿ. ಅದರ ಮೇಲೆ ಬಿಳಿ ಟೇಪ್ ಸುತ್ತಿ, ಯಾವ ವಾದ್ಯದ್ದು ಅಂತ ಮಾರ್ಕರ್‌ನಲ್ಲಿ ಬರೆಯಿರಿ. ಇದು ಬರೀ ಅಚ್ಚುಕಟ್ಟಿಗಲ್ಲ. ರೋಲ್ಯಾಂಡ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ಒಳಭಾಗ ಮೈನಸ್, ಯಮಹಾ ಕೀಬೋರ್ಡಿನಲ್ಲಿ ಒಳಭಾಗ ಪ್ಲಸ್. ಪಿನ್ ಮಾತ್ರ ನೋಡಲು ಒಂದೇ ಥರ, ಕತ್ತಲಲ್ಲಿ ಸಲೀಸಾಗಿ ಒಳಗೆ ಹೋಗುತ್ತದೆ. ವೋಲ್ಟೇಜ್ ಎಷ್ಟು, ಪ್ಲಸ್ ಎಲ್ಲಿ ಅನ್ನುವ ಚಿತ್ರ ಅಡಾಪ್ಟರ್ ಮೇಲೂ ವಾದ್ಯದ ಮೇಲೂ ಅಚ್ಚಾಗಿರುತ್ತದೆ. ಎರಡೂ ಹೊಂದಿದರೆ ಮಾತ್ರ ಚುಚ್ಚಿ.

ಒಂದು ತಗಡಿನ ಡಬ್ಬಿ ಇಟ್ಟುಕೊಳ್ಳಿ. ನಮ್ಮದು ಮದುವೆ ಮನೆಯ ಚಕ್ಕುಲಿ ಡಬ್ಬಿ. ಅದರಲ್ಲಿ ಮಲ್ಟಿಮೀಟರ್, ಟೆಸ್ಟರ್, ಇನ್ಸುಲೇಷನ್ ಟೇಪ್, ಬಟ್ಟೆ ಟೇಪ್, ಕಟಿಂಗ್ ಪ್ಲೇಯರ್, ಗಿಟಾರ್ ತಂತಿ, ಮೈಕಿನ ಸೆಲ್, ಎರಡು ಹೆಚ್ಚುವರಿ ಜ್ಯಾಕ್, ಸೇಫ್ಟಿ ಪಿನ್, ಬಟ್ಟೆ ಒಣಹಾಕುವ ಕ್ಲಿಪ್ಪು. ಕ್ಲಿಪ್ಪು ಯಾಕೆ ಅಂದರೆ ಬಯಲಿನಲ್ಲಿ ಗಾಳಿ ಬಂದರೆ ಹಾಡಿನ ಹಾಳೆಗಳು ಮೊದಲ ಸಾಲಿನ ಅಜ್ಜಿಯರ ಮಡಿಲಿಗೆ ಹೋಗುತ್ತವೆ. ಒಂದು ದೊಡ್ಡ ಟಾರ್ಪಾಲು ಕಡ್ಡಾಯ. ಮಳೆ ಶುರುವಾದರೆ ಜನ ಓಡುತ್ತಾರೆ, ಸೌಂಡ್ ಮಿಕ್ಸರ್ ಓಡುವುದಿಲ್ಲ ಅಲ್ವಾ.

ಕೇಬಲ್ ಸುತ್ತುವುದನ್ನು ಎಲ್ಲರೂ ಕಲಿಯಿರಿ. ಮೊಣಕೈಗೆ ಹಾಕಿ ಹಗ್ಗದ ಥರ ಬಿಗಿಯಾಗಿ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಸ್ವಲ್ಪ ದಿನದಲ್ಲೇ ‘ಕರ್ ಕರ್’ ಶುರು. ಸಡಿಲವಾದ ಸುರುಳಿ ಮಾಡಿ, ಒಂದು ಸುತ್ತು ಮೇಲಿಂದ, ಮುಂದಿನದು ಕೈ ತಿರುಗಿಸಿ ಕೆಳಗಿಂದ. ಬಿಚ್ಚುವಾಗ ಎಸೆದರೆ ಗಂಟಿಲ್ಲದೆ ನೇರ ಹೋಗಬೇಕು.

ನಾಲ್ಕು ಗಂಟೆ: ಕರೆಂಟು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ನಮಗೆ ಪೆಟ್ಟು ಬಿದ್ದಿರುವುದು ಇಲ್ಲೇ.

ಒಂದು ಊರು, ಗಣೇಶ ಬಿಡುವ ದಿನ. ಟೈರ್ ಪಂಚರ್ ಆಗಿ ನಾವು ಎಂಟೂವರೆಗೆ ತಲುಪಿದ್ದೆವು. ಜನ ಆಗಲೇ ಶಿಳ್ಳೆ ಹೊಡೆಯುತ್ತಿದ್ದರು. ಗಡಿಬಿಡಿಯಲ್ಲಿ ಎಲ್ಲ ಚುಚ್ಚಿದೆವು. ಗಣಪತಿ ಸ್ತುತಿಯ ಎರಡನೇ ಚರಣದಲ್ಲಿ ಪೆಂಡಾಲ್‌ನ ಎಡಗಡೆ ಬಲ್ಬುಗಳು ಕಣ್ಣು ಕುಕ್ಕುವಷ್ಟು ಬೆಳ್ಳಗಾದವು, ಬಲಗಡೆಯವು ಕೆಂಪಗೆ ಮಂಕಾದವು. ಚೆಂದ ಲೈಟಿಂಗ್ ಮಾಡಿದ್ದಾರೆ ಅಂದುಕೊಂಡೆ! ಮೂರು ಸೆಕೆಂಡಿಗೆ ನನ್ನ ಕಾಲ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ. ಕೀಬೋರ್ಡ್ ಪರದೆ ಕಪ್ಪು. ಜನರೇಟರ್ ಬಳಿ ನ್ಯೂಟ್ರಲ್ ವೈರನ್ನು, ಅಂದರೆ ಕರೆಂಟ್ ವಾಪಸ್ ಹೋಗುವ ವೈರನ್ನು, ಬೋಲ್ಟಿಗೆ ಸುಮ್ನೆ ಸುತ್ತಿ ಬಿಟ್ಟಿದ್ದರು, ಅದು ಅಲುಗಾಡಿ ಬಿಟ್ಟುಕೊಂಡಿತ್ತು.

ಮೂರು ಫೇಸ್ ಜನರೇಟರ್‌ನಲ್ಲಿ ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಎರಡು ಫೇಸ್‌ಗಳ ನಡುವೆ 400ರ ಮೇಲೆ. ನ್ಯೂಟ್ರಲ್ ಕಳಚಿಕೊಂಡರೆ 230 ಅನ್ನೋದೇ ಇರುವುದಿಲ್ಲ. ಲೋಡ್ ಕಡಿಮೆ ಇರುವ ಕಡೆಗೆ ವೋಲ್ಟೇಜ್ 300, 350 ಅಂತ ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಆದ್ದರಿಂದ ಹಗಲಲ್ಲೇ ಜನರೇಟರ್‌ನವರ ಹತ್ತಿರ ಹೋಗಿ, ‘ಅಣ್ಣಾ, ನ್ಯೂಟ್ರಲ್ ಒಂದ್ಸಲ ಟೈಟ್ ಮಾಡ್ತೀರಾ’ ಅನ್ನಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಆ ವೈರಿಗೆ ನೀವೇ ಕೈ ಹಾಕಬೇಡಿ. ನಿಮ್ಮ ಕೆಲಸ ವೇದಿಕೆಯ ಬೋರ್ಡಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡುವುದು. ಪೆಂಡಾಲ್‌ನ ಎಲ್ಲ ಲೈಟೂ ಹಾಕಿಸಿ, ಆಮೇಲೆ ಅಳೆಯಿರಿ. ಹಗಲು ಖಾಲಿ ಲೋಡ್‌ನಲ್ಲಿ ಚೆನ್ನಾಗಿದ್ದದ್ದು ರಾತ್ರಿ ಕುಸಿಯಬಹುದು. 230ರ ಆಸುಪಾಸು ನಿಂತಿದ್ದರೆ ಸರಿ. ಮುಳ್ಳು ಕುಣಿಯುತ್ತಿದ್ದರೆ, ಅಂಕಿ ಓಡಾಡುತ್ತಿದ್ದರೆ, ಸ್ಟೆಬಿಲೈಸರ್ ಇಲ್ಲದೆ ವಾದ್ಯ ಚುಚ್ಚಬೇಡಿ. ನಮ್ಮ ಕೀಬೋರ್ಡು, ಪ್ಯಾಡು ಈಗ ಒಂದು ಸಣ್ಣ ಯುಪಿಎಸ್ ಮೇಲೆ ಓಡುತ್ತವೆ. ಕರೆಂಟ್ ಹೋಗಿ ಹಾಡು ನಡುವೆ ನಿಂತರೂ, ಕೂಡಿಸಿಟ್ಟ ಟೋನ್‌ಗಳು ಉಳಿಯುತ್ತವೆ.

ಇನ್ನೊಂದು ಅರ್ಥಿಂಗ್. ದೇವರ ಮುಂದಿನ ವೇದಿಕೆ ಅಂತ ಗಾಯಕರು ಚಪ್ಪಲಿ ಬಿಟ್ಟು ಹತ್ತುತ್ತಾರೆ. ಕೆಳಗೆ ಒದ್ದೆ ಹಲಗೆ, ಕೈಯಲ್ಲಿ ಲೋಹದ ಮೈಕ್. ಅರ್ಥ್ ಸರಿಯಿಲ್ಲದಿದ್ದರೆ ತುಟಿಗೆ ಚುರ್ ಅನ್ನುತ್ತದೆ. ಅದು ತಮಾಷೆಯಲ್ಲ, ಚುರ್ ಅಂದ ತಕ್ಷಣ ಆಫ್ ಮಾಡಿಸಿ. ನಾವು ಗಾಯಕರು ನಿಲ್ಲುವ ಜಾಗಕ್ಕೆ ರಬ್ಬರ್ ಮ್ಯಾಟ್ ಒಯ್ಯುತ್ತೇವೆ, ಆದರೆ ಅದು ಅರ್ಥಿಂಗ್‌ಗೆ ಬದಲಿಯಲ್ಲ. ಸ್ಪೀಕರ್‌ನಲ್ಲಿ ‘ಹಮ್’ ಬರುತ್ತದೆ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಿ. ಹಮ್ ಹೋಗಲು ವಾದ್ಯಕ್ಕೂ ಮಿಕ್ಸರ್‌ಗೂ ನಡುವೆ ಹಾಕುವ ಡಿಐ ಬಾಕ್ಸ್ ಇದೆ, ಗ್ರೌಂಡ್ ಲಿಫ್ಟ್ ಬಟನ್ (ಸೌಂಡ್ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುವ ಬಟನ್) ಇರುವಂಥದ್ದು ತಗೊಳ್ಳಿ.

ಸೌಂಡ್ ಚೆಕ್

ಐದು ಗಂಟೆಗೆ ಶುರು ಮಾಡಿದರೆ ಐದೂ ಮುಕ್ಕಾಲಿಗೆ ಮುಗಿಯಬೇಕು. ಒಂದೊಂದೇ ಲೈನ್: ಕೀಬೋರ್ಡ್, ಪ್ಯಾಡ್, ಢೋಲಕ್, ಗಿಟಾರ್, ಕೊನೆಗೆ ಮೈಕ್‌ಗಳು. ಆಮೇಲೆ ಎಲ್ಲರೂ ಸೇರಿ ಒಂದು ಜೋರಿನ ಹಾಡಿನ ಪಲ್ಲವಿ. ಮಾನಿಟರ್ ಅನ್ನು, ಅಂದರೆ ಹಾಡುವವರ ಕಡೆ ತಿರುಗಿಸಿಟ್ಟ ಸ್ಪೀಕರ್ ಅನ್ನು, ಮೈಕಿನ ಹಿಂಬದಿಗೆ ನೇರವಾಗಿ ಇಡಿಸಿ. ಶೂರ್ ಕಂಪನಿಯ ಎಸ್‌ಎಂ58 ಥರದ ಹಾಡುವ ಮೈಕ್‌ಗಳು ಮುಂದಿನ ದನಿ ಹಿಡಿಯುತ್ತವೆ, ಹಿಂದಿನದನ್ನು ಬಿಡುತ್ತವೆ. ಗಾಯಕರು ಸ್ಟೈಲಿಗೆ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಆ ಗುಣವೇ ಹೋಗಿ ‘ಕುಂಯ್’ ಅಂತ ಕೂಗುತ್ತದೆ. ಸೌಂಡ್‌ನವರ ಹೆಸರು ಕೇಳಿಕೊಳ್ಳಿ, ಟೀ ಕೊಡಿಸಿ. ರಾತ್ರಿ ಪೂರ್ತಿ ನಿಮ್ಮ ಮಾನ ಅವರ ಬೆರಳ ತುದಿಯಲ್ಲಿರುತ್ತದೆ.

ಮಲೆನಾಡಲ್ಲಿ, ಕರಾವಳಿಯಲ್ಲಿ ಸಂಜೆ ತೇವಕ್ಕೆ ಢೋಲಕ್ ಇಳಿಯುತ್ತದೆ, ತಬಲಾನೂ. ಚೆಕ್ ಆದ ಮೇಲೆ ಚೀಲದಲ್ಲಿ ಮುಚ್ಚಿಡಿ, ವೇದಿಕೆ ಮೇಲೆ ಬಿಡಬೇಡಿ.

ಬಟ್ಟೆ ಬದಲಿಸುವ ಜಾಗ

ಗಾಯಕಿಯರಿರುವ ತಂಡದ ಮ್ಯಾನೇಜರ್ ಇದನ್ನು ಕರೆಂಟಿನಷ್ಟೇ ಗಂಭೀರವಾಗಿ ನೋಡಬೇಕು. ಹೆಚ್ಚಿನ ಕಡೆ ಶಾಲೆಯ ಕೋಣೆ ಕೊಡುತ್ತಾರೆ. ಬೆಳಕಿದ್ದಾಗಲೇ ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಕಿಟಕಿ ಮುಚ್ಚುತ್ತದಾ, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಿ. ಒಮ್ಮೆ ಚಿಲಕವೇ ಇಲ್ಲದ ಕೋಣೆಯಲ್ಲಿ ನಮ್ಮ ಗಾಯಕಿ ಮೈಕ್ ಕೇಬಲ್‌ನಲ್ಲಿ ಬಾಗಿಲ ಹಿಡಿಯನ್ನು ಬೆಂಚಿಗೆ ಕಟ್ಟಿ ಸೀರೆ ಉಟ್ಟರು. ಹೊರಗೆ ನಾವಿಬ್ಬರು ಕಾವಲು. ಅವತ್ತಿನಿಂದ ಫೋನಿನಲ್ಲೇ ಕೇಳುತ್ತೇವೆ, ಮತ್ತೆ ಹತ್ತಿರದ ಯಾವುದಾದರೂ ಮನೆಯ ಹೆಂಗಸರನ್ನು ಮಾತಾಡಿಸುತ್ತೇವೆ. ‘ಬಾ ಮಗಳೇ’ ಅಂತ ಕರೆದು, ನೀರು ಕೊಟ್ಟು, ಮುಡಿಗೆ ಹೂವೂ ಮುಡಿಸಿ ಕಳಿಸುವ ತಾಯಂದಿರು ಎಷ್ಟೋ ಊರುಗಳಲ್ಲಿ ಸಿಕ್ಕಿದ್ದಾರೆ.

ವೇದಿಕೆ ಮೇಲೆ ದುಡ್ಡು ಕೊಡುವ ನೆಪದಲ್ಲಿ ಯಾರೂ ಗಾಯಕಿಯ ಹತ್ತಿರ ಬರುವುದು ಬೇಡ. ಬಹುಮಾನ ಏನಿದ್ದರೂ ನಿರೂಪಕನ ಕೈಗೆ. ಇದನ್ನು ಸಮಿತಿಯವರಿಗೆ ಮುಂಚೆಯೇ ಹೇಳಿ. ಕುಡಿದವನು ಹತ್ತಿದರೆ ಹಾಡು ನಿಲ್ಲಿಸಿ, ಲೈಟ್ ಹಾಕಿಸಿ, ಸಮಿತಿಯವರ ಹೆಸರು ಹಿಡಿದು ಮೈಕಿನಲ್ಲಿ ಕರೆಯಿರಿ. ನೀವು ಕೈ ಮಾಡಬೇಡಿ. ನೀವು ಪರ ಊರಿನವರು.

ಕಾರ್ಯಕ್ರಮ

ಏಳಕ್ಕೆ ಅಂದರೆ ಎಂಟೂವರೆ. ಮಕ್ಕಳ ಡ್ಯಾನ್ಸು, ಸ್ವಾಗತ, ಹಾರ, ಶಾಲು, ಪೇಟ, ಮತ್ತೆ ‘ಎರಡೇ ಎರಡು ಮಾತು’ ಅಂತ ಶುರುವಾಗುವ ಭಾಷಣ. ನಿಮ್ಮ ಮೂರು ಗಂಟೆ ಒಂದೂವರೆ ಆಗಬಹುದು. ಅದಕ್ಕೆ ಹಾಡಿನ ಪಟ್ಟಿ ಉದ್ದದ್ದೊಂದು, ಗಿಡ್ಡದ್ದೊಂದು ಇರಲಿ. ಪ್ರತಿ ಹಾಡಿನ ಪಕ್ಕ ಸ್ಕೇಲ್ ಬರೆದಿರಲಿ, ಯಾರು ಹಾಡಿದರೆ ಯಾವುದು ಅಂತ. ಕೀಬೋರ್ಡಿನ ಸ್ಕೇಲ್ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಮರೆತು ಮುಂದಿನ ಹಾಡಿಗೆ ಹೋದರೆ ಗಾಯಕ ನಿಮ್ಮ ಕಡೆ ನೋಡುವ ನೋಟ ಬಹಳ ದಿನ ನೆನಪಿರುತ್ತದೆ.

ಮೊದಲು ಗಣಪತಿ, ಆಮೇಲೆ ಆ ಊರ ದೇವರ ಹಾಡು. ಮಾರಮ್ಮನ ಜಾತ್ರೆಯಲ್ಲಿ ಮಾರಮ್ಮನನ್ನು ಬಿಟ್ಟು ನೇರ ಡ್ಯುಯೆಟ್‌ಗೆ ಹೋದರೆ ಹಿರಿಯರು ಎದ್ದು ಹೋಗುತ್ತಾರೆ, ಅವರೇ ಚಂದಾ ಜಾಸ್ತಿ ಕೊಟ್ಟವರು. ಆಮೇಲೆ ಅಣ್ಣಾವ್ರು, ವಿಷ್ಣು, ಶಂಕರ್‌ನಾಗ್. 2021ರ ಅಕ್ಟೋಬರ್ 29ರ ನಂತರ ಅಪ್ಪು ಹಾಡಿಲ್ಲದೆ ನಮ್ಮನ್ನು ಯಾವ ಊರಿನಲ್ಲೂ ಕೆಳಗಿಳಿಸಿಲ್ಲ, ಮತ್ತೆ ಆ ಹಾಡಿಗೆ ಜನ ಫೋನಿನ ಟಾರ್ಚ್ ಹಾಕಿ ಎತ್ತುತ್ತಾರೆ, ಆಗ ಒಂದು ಕ್ಷಣ ಕೈ ತಪ್ಪುವುದುಂಟು. ಹುಬ್ಬಳ್ಳಿ ದಾಟಿದರೆ ಆ ಕಡೆಯ ಜಾನಪದ ಕೇಳುತ್ತಾರೆ, ಕಲಿತು ಹೋಗಿ. ಕೋಲಾರ, ಬಳ್ಳಾರಿ ಕಡೆ ತೆಲುಗು, ಬೆಳಗಾವಿ ಗಡಿಯಲ್ಲಿ ಮರಾಠಿ ಹಾಡು ಕೇಳುವ ಚೀಟಿ ಬರುತ್ತದೆ. ಹಾಡುವುದೋ ಬೇಡವೋ ಅನ್ನೋದನ್ನು ಸಮಿತಿಯವರಿಗೆ ಬಿಡಿ, ರಾಜ್ಯೋತ್ಸವದ ವೇದಿಕೆಯಲ್ಲಂತೂ ಕೇಳಲೂ ಹೋಗಬೇಡಿ.

ಚೀಟಿ ಬಂದಿದ್ದನ್ನೆಲ್ಲ ಹಾಡಲು ಆಗುವುದಿಲ್ಲ, ಆದರೆ ಹೆಸರು ಓದಬಹುದು. ಹೆಸರು ಮೈಕಿನಲ್ಲಿ ಕೇಳಿದರೆ ಅರ್ಧ ಜನಕ್ಕೆ ಸಾಕು.

ಗಾಯಕರು ಹಾಡುವ ಮುಂಚೆ ಜಾತ್ರೆಯ ಮೆಣಸಿನಕಾಯಿ ಬಜ್ಜಿ, ಐಸ್‌ಕ್ರೀಂ ಮುಟ್ಟಬಾರದು. ಮುಟ್ಟುತ್ತಾರೆ. ಫ್ಲಾಸ್ಕ್‌ನಲ್ಲಿ ಬಿಸಿನೀರು ಇಟ್ಟಿರಿ.

ದುಡ್ಡು

ಉಳಿದ ದುಡ್ಡು ಕೊನೆಯ ಮೂರು ಹಾಡಿಗೆ ಮುಂಚೆ ಕೈಗೆ ಬರಬೇಕು. ಕಾರ್ಯಕ್ರಮ ಮುಗಿದ ಮೇಲೆ ಖಜಾಂಚಿ ಸಿಗುವುದಿಲ್ಲ. ಮೆರವಣಿಗೆಯಲ್ಲಿ ಇರುತ್ತಾರೆ, ಇಲ್ಲವೇ ಮಲಗಿರುತ್ತಾರೆ. ಹಾಗಂತ ‘ದುಡ್ಡು ಕೊಡದಿದ್ದರೆ ಹಾಡಲ್ಲ’ ಅಂತ ಮೈಕಿನಲ್ಲಿ ಅನ್ನಬೇಡಿ, ಒಬ್ಬರು ಮಾಡಿ ಪೆಟ್ಟು ತಿಂದರು. ನಮ್ಮಲ್ಲಿ ಮಿಮಿಕ್ರಿ ನಡೆಯುವ ಹದಿನೈದು ನಿಮಿಷ ನನಗೆ ಬಿಡುವು. ಆಗ ಕೆಳಗಿಳಿದು ಹೋಗಿ, ನಗುತ್ತಾ ಕೇಳುತ್ತೇನೆ. ‘ನೆಟ್‌ವರ್ಕ್ ಇಲ್ಲ, ನಾಳೆ ಫೋನ್‌ಪೇ ಮಾಡ್ತೀವಿ’ ಅಂದರೆ ನಗುತ್ತಲೇ ಅಲ್ಲೇ ನಿಂತಿರುತ್ತೇನೆ. ಒಂದು ಸಮಿತಿಯಿಂದ ಇನ್ನೂ ಬರಬೇಕಾದದ್ದಿದೆ, ಎರಡು ಗಣೇಶ ಹಬ್ಬ ಕಳೆದವು.

ತಂಡದವರ ಪಾಲನ್ನು ಅವತ್ತೇ ಗಾಡಿಯಲ್ಲೇ ಹಂಚಿ. ಡೀಸೆಲ್, ಊಟ, ಬಾಡಿಗೆ ಎಷ್ಟಾಯಿತು ಅಂತ ಎಲ್ಲರ ಎದುರು ಓದಿ ಹೇಳಿ. ಗ್ರೂಪಿನಲ್ಲಿ ಫೋಟೋ ಹಾಕಿ.

ವಾಪಸ್

ಕಳಚುವಾಗ ಒಬ್ಬ ಟಾರ್ಚ್ ಹಿಡಿದು ಪಟ್ಟಿ ಓದಬೇಕು, ಉಳಿದವರು ‘ಇದೆ’ ಅನ್ನಬೇಕು. ಸುಸ್ತಾಗಿದೆ ಅಂತ ಇದನ್ನು ಬಿಟ್ಟ ದಿನವೇ ಸ್ಟ್ಯಾಂಡಿನ ಒಂದು ಕಾಲು ಯಾವುದೋ ಊರಿನಲ್ಲಿ ಉಳಿಯುತ್ತದೆ.

ಊಟ ಮಾಡಿಯೇ ಹೊರಡಿ. ಊರಿನವರು ಹಾಕುವ ಅನ್ನ-ಸಾರಿನ ಮುಂದೆ ಹೈವೇ ಡಾಬಾ ಏನೂ ಅಲ್ಲ. ಆದರೆ ಡ್ರೈವರ್‌ಗೆ ಮುಂಚೆಯೇ, ಒಂಬತ್ತಕ್ಕೇ ಬಡಿಸಿ, ಕಾರ್ಯಕ್ರಮ ನಡೆಯುವಾಗ ಗಾಡಿಯಲ್ಲಿ ಮಲಗಿಸಿ. ಅವನು ವೇದಿಕೆ ಪಕ್ಕ ನಿಂತು ಹಾಡು ಕೇಳುತ್ತಿದ್ದರೆ ನಾನೇ ಹೋಗಿ ಕಳಿಸುತ್ತೇನೆ. ಬೆಳಗಿನ ಜಾವ ಮೂರರಿಂದ ಐದು ಕೆಟ್ಟ ಹೊತ್ತು, ರಸ್ತೆ ನೇರ ಇದ್ದಷ್ಟೂ ಕೆಟ್ಟದ್ದು. ಆ ಹೊತ್ತಿಗೆ ಇನ್ನೂ ನೂರು ಕಿಲೋಮೀಟರ್ ಬಾಕಿ ಇದ್ದರೆ ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ನಿಲ್ಲಿಸಿ ಒಂದು ಗಂಟೆ ಎಲ್ಲರೂ ಮಲಗಿ. ಗಾಡಿ ಓಡುವಾಗ ಮಾತ್ರ ಮುಂದಿನ ಸೀಟಿನಲ್ಲಿ ಕೂತವರು ಮಲಗುವಂತಿಲ್ಲ, ಮಾತಾಡುತ್ತಿರಬೇಕು. ಆ ಪಾಳಿ ಪ್ರತಿ ಪ್ರೋಗ್ರಾಂಗೆ ಬದಲಾಗಲಿ. ನಮ್ಮಲ್ಲಿ ಆ ಜಾಗಕ್ಕೆ ಮಿಮಿಕ್ರಿಯವನನ್ನು ಕೂರಿಸುವುದನ್ನು ನಿಲ್ಲಿಸಿದ್ದೇವೆ, ಡ್ರೈವರ್ ನಗುತ್ತಾ ಸ್ಟೀರಿಂಗ್ ಬಿಡುತ್ತಾನೆ.

ಮನೆಗೆ ಬಂದ ತಕ್ಷಣ ಒಂದೇ ಕೆಲಸ. ಕೀಬೋರ್ಡ್, ಢೋಲಕ್ ಚೀಲಗಳ ಜಿಪ್ ತೆಗೆದು ಫ್ಯಾನಿನ ಕೆಳಗೆ ಇಡಿ, ಇಬ್ಬನಿಯ ತೇವ ಆರಲಿ. ಮೈಕಿನ ಸೆಲ್‌ಗಳನ್ನು ಹೊರಗೆ ತೆಗೆಯಿರಿ. ಆಮೇಲೆ ಮಲಗಿ, ಫೋನ್ ಮಾತ್ರ ಸೈಲೆಂಟ್‌ಗೆ ಹಾಕಬೇಡಿ. ಇವತ್ತು ಸಂಜೆಯ ಊರಿನವರು ಎಂಟು ಗಂಟೆಗೇ ಫೋನ್ ಮಾಡುತ್ತಾರೆ, ‘ಹೊರಟ್ರಾ ಸಾರ್?’ ಅಂತ.